ಲಂಗರು ಬಾರಿನ ಗಾಜಿಗೆ ಅಂಟಿಸಿದ ಸಾವಿನ ಚೀಟಿ

ವೆನಿಸ್, ಕಸ್ತೆಲ್ಲೊ ಕೇರಿ
೬ ಮಾರ್ಚ್ ೧೯೫೭, ಬೂದಿ ಬುಧವಾರ

ದಿವಂಗತ ಓಲಿಂದೊನಿಗೆ,

ನೀನು ಸತ್ತು ಇವತ್ತಿಗೆ ಎರಡು ದಿನವಾಯಿತು. ನೀನಿರುವ ಬೆಟ್ಟಕ್ಕೆ ಸುದ್ದಿ ನಿಧಾನವಾಗಿ ಹತ್ತುತ್ತದೆ, ನಿನಗಿನ್ನೂ ಗೊತ್ತಾಗಿರಲಾರದು ಎಂದು ನಾನೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ಹೆಚ್ಚು ಜನ ಅಳಲಿಲ್ಲ.

ಸಾನ್ ಮಾರ್ತಿನೊ ಹಬ್ಬಕ್ಕೆ ಹೊಸ ವೈನು ಕುಡಿಯಲು ಬಂದೇ ಬರುತ್ತೇನೆ ಎಂದೆ. ಬರಲಿಲ್ಲ. ಕ್ರಿಸ್ಮಸ್ಸಿಗೆ ಎಂದೆ, ಹಿಮ ಬಿತ್ತು ಎಂದು ಕಾಗದ ಬಂತು. ಕಾರ್ನಿವಾಲಿಗೆ ಖಂಡಿತ ಎಂದೆ. ಶನಿವಾರ ಸಂಜೆ ಬಾರುಗಳ ಸುತ್ತು ಹೊರಟ ನಾವು ಮೂವರು ಬ್ರೂನಾಳ ಬಾರಿನಲ್ಲಿ ನಿನ್ನ ಹೆಸರಿಗೊಂದು ಲೋಟ ಹಾಕಿಸಿಟ್ಟು ಕಾದೆವು. ಕೊನೆಗೆ ಒಣಮೀನು ಚೆಸ್ಕೊ ಆ ಲೋಟವನ್ನು ತಾನೇ ಎತ್ತಿ ಕುಡಿದು, "ಇನ್ನೇನ್ ಬರ್ತಾನೆ ಬಿಡ್ರೋ, ಸತ್ತ ಅಂದ್ಕೊಳ್ಳಿ" ಅಂದ. ಅಂದುಕೊಂಡ ಮೇಲೆ ಕೇರಿಗೆ ತಿಳಿಸದೆ ಇರುವುದು ಮರ್ಯಾದೆಯಲ್ಲ. ಚೆಸ್ಕೊನ ಭಾವಮೈದ ಸಾವಿನ ಚೀಟಿ ಅಚ್ಚು ಹಾಕುವವನು. ಕಪ್ಪು ಅಂಚು, ಮೇಲೊಂದು ಶಿಲುಬೆ, ಕೆಳಗೆ, "ಓಲಿಂದೊ ಬುಸೆತ್ತೊ ದೂರದ ಬೆಟ್ಟದೂರಿನಲ್ಲಿ ಅಲ್ಪಕಾಲದ ಕಾಯಿಲೆಯಿಂದ ತೀರಿಕೊಂಡರು. ಅಂತ್ಯಕ್ರಿಯೆ ಅಲ್ಲಿಯೇ ನಡೆದಿದೆ. ಗೆಳೆಯರ ಕಣ್ಣೀರು." ನೋಡಿದರೆ ನೀನೇ ನಂಬಬೇಕು, ಹಾಗೆ ಬಂದಿದೆ.

ನಮ್ಮ ಹತ್ತಿರ ಇದ್ದದ್ದು ನಿನ್ನದೊಂದೇ ಫೋಟೋ. ಲಂಗರು ಬಾರ್ ತೆರೆದ ದಿನ ನೀನೂ ನಿನ್ನ ಅಕ್ಕ ಕೊರಿನ್ನಾಳೂ ಬಾಗಿಲಲ್ಲಿ ನಿಂತು ತೆಗೆಸಿಕೊಂಡದ್ದು. ಕತ್ತರಿ ಹಾಕಿ ಅವಳನ್ನು ಬೇರೆ ಮಾಡಿದೆವು. ನಿನ್ನ ಭುಜದ ಮೇಲೆ ಅವಳ ಕೈ ಮಾತ್ರ ಉಳಿದುಕೊಂಡಿತು.

ಸೋಮವಾರ ಬೆಳಿಗ್ಗೆ ಸುತ್ತಿನ ನಾಲ್ಕೂ ಬಾರುಗಳ ಗಾಜಿಗೆ ಅಂಟಿಸಿದೆವು. ನಮ್ಮ ಕೇರಿಯವರು ಗೊತ್ತಲ್ಲ, ಗಾಜಿನ ಮೇಲೆ ಯಾರು ಸತ್ತಿದ್ದಾರೆ ಎಂದು ನೋಡಿಯೇ ಕಾಫಿಗೆ ಸಕ್ಕರೆ ಕಲಕುವವರು. ಮೀನಂಗಡಿಯವಳು ಎದೆಯ ಮೇಲೆ ಶಿಲುಬೆ ಬರೆದುಕೊಂಡು, "ಅಯ್ಯೋ ಪಾಪ, ಎಲ್ಲಾ ಮೀನಿನ ಕಿವಿರೂ ಎತ್ತಿ ನೋಡಿ ಕೊನೆಗೆ ಒಂದೂ ತಗೊಳ್ದೆ ಹೋಗ್ತಿದ್ದ ಮಹಾನುಭಾವ" ಅಂದಳು. ಬ್ರೂನಾ, "ಒಳ್ಳೇವ್ನು ಕಣ್ರೀ, ಬಾಯಿ ತೆಗೆಯೋವರ್ಗೂ" ಅಂದಳು. ಇದಕ್ಕಿಂತ ಒಳ್ಳೆಯ ಮಾತು ಯಾರೂ ಆಡಲಿಲ್ಲ.

ಇನ್ನೊಂದು ಚೀಟಿ ಉಳಿದಿತ್ತು. ಅದನ್ನು ಲಂಗರಿನ ಗಾಜಿಗೆ ಅಂಟಿಸಿ ಸೇತುವೆ ಹಿಂದೆ ಅವಿತು ನಿಂತೆ. ನಿನ್ನ ಅಕ್ಕ ಬಾಗಿಲು ತೆರೆದಳು, ಓದಿದಳು. ಆಮೇಲೆ ಏನು ಮಾಡಿದಳು ಅನ್ನುತ್ತೀಯಾ? ಸತ್ತವನಿಗೆ ಅದೆಲ್ಲ ಯಾಕೆ ಬೇಕು.

ನಿನ್ನ ಆತ್ಮಕ್ಕೆ ಒಂದು ಕ್ಷಣವೂ ಶಾಂತಿ ಸಿಗದಿರಲಿ,
ಗಾಸ್ತೋನೆ


ಬೆಟ್ಟದೂರು
೧೧ ಮಾರ್ಚ್

ಗಾಸ್ತೋನೆ,

ನಿನ್ನ ನಾಲಿಗೆಗೆ ಹುಳ ಬೀಳಲಿ. ಕಾಗದವನ್ನು ರೆಜೀನಾ ಮೊದಲು ಒಡೆದಳು. "ದಿವಂಗತ" ಎಂದು ಓದಿ ಗಂಡ ಎದುರಿಗೇ ಸೂಪ್ ಕುಡಿಯುತ್ತಿದ್ದರೂ ಕಿರುಚಿಕೊಂಡಳು. ನನ್ನ ಅತ್ತೆ ಕಿವುಡಿ, ಮಗಳು ಕಿರುಚಿದ್ದು ಕಂಡು ಕಪ್ಪು ಶಾಲು ಹೊದ್ದು ಬಂದು ಕೂತಳು. ಈಗಲೂ ತೆಗೆದಿಲ್ಲ. ಹೇಗೂ ಬೇಕಾಗುತ್ತದೆ ಅನ್ನುತ್ತಾಳೆ.

ನಕ್ಕೆ, ಸುಳ್ಳು ಯಾಕೆ ಹೇಳಲಿ. ನಗುತ್ತ ಕೆಮ್ಮು ಬಂದು ಅರ್ಧ ಗಂಟೆ ಗೋಡೆ ಹಿಡಿದು ನಿಂತೆ. ಆದರೆ ಕೊನೆಯ ನಾಲ್ಕು ಸಾಲು ಓದಿದ ಮೇಲೆ ನಿನ್ನನ್ನು ಕಾಲುವೆಗೆ ನೂಕಬೇಕು ಅನ್ನಿಸಿತು. ಅಕ್ಕ ಓದಿದಳು ಅನ್ನುತ್ತೀಯ. ಆಮೇಲೆ? ಹೇಳಿ ಸಾಯಬಾರದಾ?

ನಿನಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಅಕ್ಕನ ಗಂಡ ನೆರೇಯೊನನ್ನು ಸಾನ್ ಮಿಕೇಲೆಯ ಸ್ಮಶಾನ ದ್ವೀಪದಲ್ಲಿ ಮಣ್ಣು ಮಾಡಿ ಬರುವಾಗ ಮಂಜಿನಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು. "ಒಣಗಂಟಲಲ್ಲಿ ಅಳೋ ಮನೆಗೆ ಹೋಗ್ಬಾರ್ದು ಕಣೋ, ಒಂದೇ ಒಂದು ಹಾಕ್ಕೊಂಡ್ ಹೋಗೋಣ" ಎಂದು ನಮ್ಮನ್ನು ಒಂದು ದೋಣಿಕಟ್ಟೆ ಮೊದಲೇ ಇಳಿಸಿದವನು ನೀನು. ಸತ್ತವನ ಮೊದಲ ಲೋಟ ಸತ್ತವನ ಬಾರಿನಲ್ಲೇ ಎತ್ತಬೇಕು ಎಂಬುದು ಕೇರಿಯ ಕೂಸಿಗೂ ಗೊತ್ತು. ನಾವು ಎತ್ತಿದ್ದು ಬ್ರೂನಾಳ ಬಾರಿನಲ್ಲಿ. ಒಂದು ಹೋಗಿ ಆರಾಯಿತು. ಲಂಗರು ಮುಟ್ಟುವ ಹೊತ್ತಿಗೆ ಚೆಸ್ಕೊ ಹಾಡುತ್ತಿದ್ದ. ಅಕ್ಕ ಕಟ್ಟೆಯ ಮೇಲೆ ಲೋಟಗಳನ್ನು ಸಾಲಾಗಿ ಜೋಡಿಸಿ ಸ್ಮಶಾನದ ಬಟ್ಟೆಯಲ್ಲೇ ನಿಂತಿದ್ದಳು. ನನ್ನ ಬಾಯಿ ಮೂಸಿ ನೋಡಿದಳು. "ಬ್ರೂನಾಳ ವೈನು" ಅಂದಳು. ನನ್ನ ಲೋಟ ತೆಗೆದುಕೊಂಡು ಹಿಂಬಾಗಿಲು ತೆಗೆದು ಕಾಲುವೆಗೆ ಎಸೆದಳು. ಎಂಟು ವರ್ಷವಾಯಿತು. ಐದು ಬಾರಿನ ಸುತ್ತು ನಾಲ್ಕಾಯಿತು. ಲಂಗರಿನ ಮುಂದೆ ಹಾಯುವಾಗ ನಾವೆಲ್ಲ ತಲೆ ತಗ್ಗಿಸಿ ಕಳ್ಳರ ಹಾಗೆ ನಡೆದೆವು.

ಶ್ವಾಸಕೋಶಕ್ಕೆ ಬೆಟ್ಟದ ಗಾಳಿ ಬೇಕು ಎಂದು ಡಾಕ್ಟರು ಹೇಳಿದ್ದು ನಿಜ. ಆದರೆ ಆ ಬಾಗಿಲ ಮುಂದೆ ದಿನವೂ ಹಾಯುವುದು ನನ್ನಿಂದ ಆಗುತ್ತಿರಲಿಲ್ಲ, ಅದೂ ನಿಜ. ಗಾಸ್ತೋನೆ, ನನಗೆ ಇನ್ನೇನೂ ಬೇಕಿಲ್ಲ. ಈ ಎದೆ ನಿಲ್ಲುವ ಮೊದಲು ಲಂಗರಿನ ಕಟ್ಟೆಗೆ ಮೊಣಕೈ ಊರಿ ಅಕ್ಕ ಹಾಕಿಕೊಟ್ಟ ಒಂದು ಲೋಟ ಕುಡಿಯಬೇಕು. ಅಷ್ಟೇ. ಅವಳು ಏನು ಮಾಡಿದಳು, ಬರೆ.

ಇನ್ನೂ ಉಸಿರಾಡುತ್ತಿರುವ
ಓಲಿಂದೊ


ಕಸ್ತೆಲ್ಲೊ
೧೬ ಮಾರ್ಚ್

ಸ್ವರ್ಗಸ್ಥ ಗೆಳೆಯ,

ಇಷ್ಟು ದೀನವಾಗಿ ಕೇಳಿದ್ದರಿಂದ ಹೇಳುತ್ತೇನೆ. ನಿನ್ನನ್ನು ಇನ್ನೊಂದು ವಾರ ಬೇಯಿಸಬೇಕು ಎಂದಿದ್ದೆ, ಚೆಸ್ಕೊ ಸಾಕು ಬಿಡು ಅಂದ.

ಕನ್ನಡಕ ತಂದಳು. ಎರಡು ಸಲ ಓದಿದಳು. ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ಕಿತ್ತು ಹಾಕುತ್ತಾಳೆ ಅಂದುಕೊಂಡೆ. ಚೀಟಿ ಬಿಟ್ಟು ಅದರ ಸುತ್ತಲಿನ ಗಾಜನ್ನೆಲ್ಲ ಒರೆಸಿದಳು. ಹಾಲಿನವನು ನಿಂತು, "ದುಃಖ ಆಯ್ತು ಕೊರಿನ್ನಮ್ಮ" ಅಂದದ್ದಕ್ಕೆ, "ಇದ್ರಲ್ಲಿ ನನ್ ಕೈ ಇದೆ ನೋಡಪ್ಪ" ಎಂದು ಫೋಟೋ ತೋರಿಸಿ ಒಳಗೆ ಹೋದಳು. ಬಾರ್ ಮುಚ್ಚಲಿಲ್ಲ. ಅಳಲೂ ಇಲ್ಲ.

ಆದರೆ ಸಂಜೆ ಕೇಳು. ಕಟ್ಟೆಯ ತುದಿಯಲ್ಲಿ, ಗೋಡೆ ಮೂಲೆಯಲ್ಲಿ, ನೀನು ಒರಗಿ ನಿಲ್ಲುತ್ತಿದ್ದೆಯಲ್ಲ, ಅಲ್ಲಿ ಒಂದು ಲೋಟ ಬಿಳಿ ವೈನು ಇಟ್ಟಳು. ಪಕ್ಕದಲ್ಲಿ ಅರ್ಧ ಮೊಟ್ಟೆ, ಅದರ ಮೇಲೆ ಉಪ್ಪುಮೀನು. ಮಾರನೆಯ ದಿನವೂ ಇಟ್ಟಳು. ಮೂರನೆಯ ದಿನ ನಾವು ಧೈರ್ಯ ಮಾಡಿ ಮೂತಿ ಸಣ್ಣ ಮಾಡಿಕೊಂಡು ಒಳಗೆ ಕಾಲಿಟ್ಟೆವು. ಎಂಟು ವರ್ಷದ ಮೇಲೆ! ಅವಳು ನಮ್ಮನ್ನು ನೋಡಿ, "ನಿಮ್ ನಾಲ್ವರಲ್ಲಿ ಸಾಯ್ಬೇಕಾದವನು ಅವನಾಗಿರ್ಲಿಲ್ಲ" ಅಂದಳು. ಅಂದು, ಹಾಕಿಕೊಟ್ಟಳು. ಚೆಸ್ಕೊ ಅಭ್ಯಾಸಬಲದಿಂದ ನಿನ್ನ ಲೋಟಕ್ಕೆ ಕೈ ಚಾಚಿದ. ಸೌಟಿನಲ್ಲಿ ಬೆರಳ ಮೇಲೆ ಬಿತ್ತು, ಇನ್ನೂ ಊದಿಕೊಂಡಿದೆ.

ಈಗ ಕೇರಿಯೆಲ್ಲ ಸತ್ತವನ ಲೋಟ ನೋಡಲು ಲಂಗರಿಗೆ ಬರುತ್ತದೆ. ಬ್ರೂನಾಳಿಗೆ ಹೊಟ್ಟೆಯುರಿ, ನಮ್ಮ ಬಾರಿನಲ್ಲೂ ಯಾರನ್ನಾದರೂ ಸಾಯಿಸಿ ಎಂದು ಚೆಸ್ಕೊನನ್ನು ಪೀಡಿಸುತ್ತಿದ್ದಾಳೆ. ನಮ್ಮ ಸುತ್ತು ಮತ್ತೆ ಐದು ಬಾರಿನದಾಯಿತು, ಎಲ್ಲ ನಿನ್ನ ಸಾವಿನ ಪುಣ್ಯ. ಆದ್ದರಿಂದ ದಯವಿಟ್ಟು ಈಗ ಬದುಕಿಬಿಡಬೇಡ. ಬದುಕಿದ್ದಾಗ ನಿನ್ನಿಂದ ನಮಗೆ ಇಷ್ಟು ಉಪಕಾರವಾಗಿರಲಿಲ್ಲ.

ಕೃತಜ್ಞತೆಯಿಂದ,
ಗಾಸ್ತೋನೆ


ಬೆಟ್ಟದೂರು
೨೨ ಮಾರ್ಚ್

ಗಾಸ್ತೋನೆ,

ಹಾಕಿಟ್ಟಳೇ! ಬಿಳಿಯದ್ದೇ? ಮೊಟ್ಟೆಯ ಮೇಲೆ ಉಪ್ಪುಮೀನೂ? ಸುಳ್ಳು ಬರೆದಿದ್ದರೆ ದೇವರಾಣೆ ನಿನ್ನ ಹೆಣ ನಾನೇ ಹೊರುತ್ತೇನೆ.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಚರ್ಚಿಗೆ ಹೋದೆ. ಹಾಡುವವರ ಸಾಲಿನಲ್ಲಿ ನಿಂತು ಎದೆ ಕಿತ್ತುಹೋಗುವ ಹಾಗೆ ಹಾಡಿದೆ. ಇಲ್ಲಿನ ಪಾದ್ರಿ ತಿರುಗಿ ತಿರುಗಿ ನೋಡಿದರು.

ಅಕ್ಕನಿಗೆ ಈಗಲೇ ಏನೂ ಹೇಳಬೇಡಿ. ನಾಲ್ಕು ದಿನ ಹೀಗೇ ಸತ್ತಿರುತ್ತೇನೆ. ಹಿಮ ಕರಗಿ ಬಸ್ಸು ಸರಿಯಾಗಿ ಓಡಲಿ. ಒಂದು ಸಂಜೆ ನೀವೆಲ್ಲ ಅಲ್ಲಿರುವಾಗ ನಡೆದು ಬಂದು ಆ ಲೋಟ ಎತ್ತಿ ಕುಡಿದುಬಿಡುತ್ತೇನೆ. ಸೌಟಿನಲ್ಲಿ ಹೊಡೆದರೆ ಹೊಡೆಯಲಿ, ಸತ್ತವನಿಗೆ ನೋವೇನು? ರೆಜೀನಾ ಇದು ಪಾಪ ಅನ್ನುತ್ತಾಳೆ. ಬದುಕಿರುವ ತಮ್ಮನಿಗೆ ಎಂಟು ವರ್ಷ ಬಾಯಾರಿಕೆ, ಸತ್ತ ತಮ್ಮನಿಗೆ ದಿನಾ ವೈನು. ಪಾಪ ಯಾರದು?

ಇಲ್ಲಿನ ಹೊಗೆ ಹಾಕಿದ ಗಿಣ್ಣು ಒಂದು ಗಡ್ಡೆ ಕಳಿಸಿದ್ದೇನೆ. ಚೆಸ್ಕೊನ ಬೆರಳಿಗೆ ನನ್ನ ಸಂತಾಪ.

ಓಲಿಂದೊ


ಲಂಗರು ಬಾರ್
೧೪ ಏಪ್ರಿಲ್, ಗರಿಗಳ ಭಾನುವಾರ

ಓಲಿಂದೊ,

ನಿನ್ನ ನಲವತ್ತನೇ ದಿನಕ್ಕೆ ಪೂಜೆ ಮಾಡಿಸಬೇಕು ಎಂದು ನಮ್ಮ ಪಾದ್ರಿಯ ಹತ್ತಿರ ಹೋದೆ. ಸಮಾಧಿ ಎಲ್ಲಿ, ಯಾವ ಸಾಲು ಎಂದು ಅವರು ನಿಮ್ಮೂರಿನ ಪಾದ್ರಿಗೆ ಬರೆದು ಕೇಳಿದರು. ಉತ್ತರ ಬಂತು. "ನೀವು ಹೇಳುವ ಓಲಿಂದೊ ಬುಸೆತ್ತೊ ಕಳೆದ ಭಾನುವಾರವೂ ನಮ್ಮ ಚರ್ಚಿನಲ್ಲಿ ಹಾಡಿದರು. ಶ್ರುತಿ ಇರಲಿಲ್ಲ."

ಆ ಕಾಗದವನ್ನು ಪಾದ್ರಿ ನನಗೆ ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಅವರೇ ನಕ್ಕರು. ನಾನು ಬಾರಿಗೆ ಬಂದು ಗಾಸ್ತೋನೆಗೆ ಒದ್ದೆ ಬಟ್ಟೆಯಲ್ಲಿ ಬಾರಿಸಿದೆ. ಅವನು ಎಲ್ಲ ಕಕ್ಕಿದ, ನೀನು ಸತ್ತೇ ಇರುತ್ತೇನೆ ಎಂದು ಬರೆದದ್ದನ್ನೂ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಮಗೆ ಐದು ವಾರ ತಮಾಷೆ. ಜನರೆದುರು ನಾನು ಅಳುವವಳಲ್ಲ, ಗೊತ್ತಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಬಗ್ಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದಿನಾ ಅತ್ತೆ. ಎಂಟು ವರ್ಷ ಬಾಗಿಲು ಹಾಕಿದ್ದಕ್ಕೆ ನನ್ನನ್ನೇ ಬೈದುಕೊಂಡು ಅತ್ತೆ. ಒಬ್ಬನೇ ತಮ್ಮ, ಒಂದು ಲೋಟಕ್ಕಾಗಿ ಕಳೆದುಕೊಂಡೆನಲ್ಲ ಎಂದು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನೀನು ಆ ದಿನ ಬ್ರೂನಾಳ ಬಾರಿನಲ್ಲಿ ಕುಡಿದು ಬಂದದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಈ ಐದು ವಾರವನ್ನೂ ಮರೆಯುವುದಿಲ್ಲ.

ಆದರೂ ಬಾ. ಮೇ ಕೊನೆಗೆ ಬರುವ ಸೆನ್ಸಾ ಹಬ್ಬದ ದಿನ ಬಾ, ಅಪ್ಪ ನಮ್ಮನ್ನು ದೋಣಿಗಳ ಮೆರವಣಿಗೆ ನೋಡಲು ಕರೆದುಕೊಂಡು ಹೋಗುತ್ತಿದ್ದ ದಿನ. ಆ ಮೂರು ಕೋತಿಗಳ ಜೊತೆ ಬರಬೇಡ, ಒಬ್ಬನೇ ಬಾ. ಎಲ್ಲಿಯೂ ಕಾಲಿಡದೆ ನೆಟ್ಟಗೆ ನನ್ನ ಕಟ್ಟೆಗೆ ಬಾ. ಹಾಕಿಕೊಡುತ್ತೇನೆ. ಕುಡಿದ ಮೇಲೆ ಕೆನ್ನೆಗೂ ಒಂದು ಕೊಡುತ್ತೇನೆ, ಅದು ಬೇರೆ.

ಇನ್ನೊಂದು ಮಾತು. ನಾನೂ ಒಂದು ಸಲ ಸತ್ತು ನೋಡಬೇಕು ಅಂದುಕೊಂಡಿದ್ದೇನೆ. ನೀನು ಎದ್ದುಬಿದ್ದು ಓಡಿಬರುತ್ತೀಯೋ, ಕಂಬಳಿ ಹೊದ್ದು ಮಲಗುತ್ತೀಯೋ ತಿಳಿಯಲಿ. ಅಚ್ಚು ಹಾಕುವವನ ಹೆಂಡತಿ ಕತ್ತರಿಸಿ ಉಳಿದ ಅರ್ಧ ಫೋಟೋ ನನಗೆ ತಂದುಕೊಟ್ಟಿದ್ದಾಳೆ. ನನ್ನ ಚೀಟಿಗೆ ಅದೇ ಸಾಕು. ಹುಷಾರಾಗಿರು.

ಕೊರಿನ್ನಾ


ಬೆಟ್ಟದೂರು
೨೦ ಏಪ್ರಿಲ್, ಈಸ್ಟರಿನ ಹಿಂದಿನ ದಿನ

ಅಕ್ಕ,

ನಿನ್ನ ಬೈಗುಳ ಓದಿ ಎದೆಯೊಳಗಿನ ಕಫ ಅರ್ಧ ಕರಗಿತು. ಡಾಕ್ಟರಿಗೆ ಇದು ತಿಳಿದಿದ್ದರೆ ಬೆಟ್ಟಕ್ಕೆ ಕಳಿಸದೆ ನಿನ್ನ ಕಟ್ಟೆಗೇ ಕಳಿಸುತ್ತಿದ್ದರು.

ಈಗಲೇ ಓಡಿಬರಬೇಕು ಅನ್ನಿಸುತ್ತದೆ. ಆದರೆ ಸೆನ್ಸಾಕ್ಕೆ ಬಾ ಎಂದು ನೀನೇ ಅಂದಿದ್ದೀಯ. ಒಂದು ದಿನ ಮೊದಲು ಬಂದರೂ ನಾಲಿಗೆ ಚಾಚಿಕೊಂಡು ಬಂದ ನಾಯಿ ಅನ್ನುತ್ತೀಯ, ನಿನ್ನನ್ನು ನಾನು ಅರಿಯೆನೇ? ಸೆನ್ಸಾಕ್ಕೇ ಬರುತ್ತೇನೆ. ಒಬ್ಬನೇ, ಒಣಗಂಟಲಲ್ಲಿ. ದಾರಿಯಲ್ಲಿ ನೀರನ್ನೂ ಮುಟ್ಟುವುದಿಲ್ಲ. ಆ ಪೂಜೆ ಮಾಡಿಸುವುದು ಬೇಡ, ಪಾದ್ರಿಗೆ ಹೇಳು. ಕೆನ್ನೆ ಮಾತ್ರ ಸಿದ್ಧವಾಗಿದೆ, ಬಲಗಡೆಯದು ಆಗಬಹುದು. ಎಡಗಡೆ ಹಲ್ಲು ನೋವು.

ಐದು ವಾರ ಅಳಿಸಿದ್ದಕ್ಕೆ ನಾನೇ ಬಂದು ಮುಖ ತೋರಿಸುತ್ತೇನೆ, ಆಗ ಏನಾದರೂ ಮಾಡಿಕೊ.

ನೀನೂ ಸತ್ತು ನೋಡುತ್ತೀಯಾ? ನೋಡು, ನೋಡು. ಗಾಸ್ತೋನೆಯ ಕೈಯಿಂದ ನಿನಗಾಗಿ ಕಣ್ಣೀರಿನ ಕಾಗದ ಬರೆಸು, ಬ್ರೂನಾಳಿಗೂ ಅಳಲು ಕಲಿಸು. ನಾನೂ ನಿನ್ನ ತಮ್ಮನೇ. ಒಂದೇ ಅಪ್ಪನ ನಾಲಿಗೆ. ನಿನಗೆ ತಕ್ಕ ಮರ್ಯಾದೆ ಮಾಡದೆ ಬಿಡುವುದಿಲ್ಲ.

ಬದುಕಿರುವ ನಿನ್ನ ತಮ್ಮ,
ಓಲಿಂದೊ


ಕಸ್ತೆಲ್ಲೊ
೧೨ ಮೇ, ಭಾನುವಾರ

ಓಲಿಂದೊ,

ಟೆಲಿಗ್ರಾಮ್ ಸಿಕ್ಕಿರಬೇಕು. ಅದರಲ್ಲಿ ಎಲ್ಲ ಹೇಳಲಾಗದು ಎಂದು ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ.

ಕೊರಿನ್ನಾ ಹೋದಳು. ನಿನ್ನೆ ಸಂಜೆ. ನಾವು ಸುತ್ತು ಶುರು ಮಾಡಿ ಮೊದಲಿಗೆ ಲಂಗರಿಗೇ ಹೋಗಿದ್ದೆವು. ಅವಳು ಮೊಟ್ಟೆ ಸುಲಿಯುತ್ತಿದ್ದಳು. ಚೆಸ್ಕೊನಿಗೆ ಏನೋ ಬೈಯುತ್ತಿದ್ದವಳು ಮಾತಿನ ನಡುವೆ ನಿಂತಳು. ಮುಂದಿನ ಬೈಗುಳ ಹುಡುಕುತ್ತಿದ್ದಾಳೆ ಅಂದುಕೊಂಡು ನಾವು ನಗುತ್ತ ಕಾದೆವು. ಕಟ್ಟೆಯ ಹಿಂದೆ ಕುಸಿದಳು. ನಾನೇ ಎತ್ತಿದೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆಯೊಳಗೆ ನರ ಒಡೆದಿದೆ ಅಂದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸಾನ್ ಪಿಯೆತ್ರೊ ಚರ್ಚು, ಅಲ್ಲಿಂದ ದೋಣಿಯಲ್ಲಿ ಸಾನ್ ಮಿಕೇಲೆ. ನೀನೊಬ್ಬನೇ ಅವಳಿಗೆ ದಿಕ್ಕು, ಪೆಟ್ಟಿಗೆಯ ಹಿಂದೆ ಮೊದಲು ನಡೆಯಬೇಕಾದವನು ನೀನು. ಮಂಗಳವಾರದ ಬಸ್ಸು ಹತ್ತು. ನನ್ನ ಮನೆಯಲ್ಲೇ ಮಲಗುವೆಯಂತೆ.

ಚೀಟಿ ಇದರೊಳಗೆ ಇಟ್ಟಿದ್ದೇನೆ. ಫೋಟೋ ನೋಡಿ ನೀನು ಏನು ತಿಳಿಯುತ್ತೀಯೋ ಎಂದು ನನಗೆ ಭಯ. ಆದರೆ ಅವಳದು ಬೇರೆ ಫೋಟೋ ಇರಲಿಲ್ಲ. ಇದು ತಮಾಷೆಯಲ್ಲ ಕಣೋ. ಹೇಗೆ ಹೇಳಿದರೆ ನಂಬುತ್ತೀಯ? ನನ್ನ ತಾಯಿಯ ಸಮಾಧಿಯ ಮೇಲೆ ಆಣೆ. ನಾಳೆ ನಿಮ್ಮೂರ ಅಂಗಡಿಗೆ ಫೋನೂ ಮಾಡುತ್ತೇನೆ.

ಗಾಸ್ತೋನೆ


ಬೆಟ್ಟದೂರು
೧೪ ಮೇ

ನಟಸಾರ್ವಭೌಮ ಗಾಸ್ತೋನೆ ಅವರಿಗೆ,

ಶಭಾಷ್! ತಾಯಿಯ ಆಣೆಯನ್ನೂ ಬಿಡಲಿಲ್ಲ. ಆ ಮಹಾತಾಯಿ ಬದುಕಿದ್ದಾಗಲೂ ನೀನು ಅವಳ ಮೇಲೆ ಎಷ್ಟು ಸುಳ್ಳಾಣೆ ಹಾಕಿದ್ದೀಯ ಎಂದು ನನಗೆ ಗೊತ್ತು.

ಚೀಟಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅದೇ ಅಂಚು, ಅದೇ ಶಿಲುಬೆ, ನನ್ನ ಪಕ್ಕದಿಂದ ಕತ್ತರಿಸಿದ ಅದೇ ಫೋಟೋ. ಆ ಅರ್ಧ ಫೋಟೋ ತನ್ನ ಹತ್ತಿರ ಇದೆ, ಅದರಲ್ಲೇ ಸಾಯುತ್ತೇನೆ ಎಂದು ಅಕ್ಕ ನನಗೆ ಮೊದಲೇ ಬರೆದಿದ್ದಳು ಎಂಬುದನ್ನು ನಿಮಗೆ ಹೇಳಿಲ್ಲವೇನೋ ಪಾಪ! ಮಾತಿನ ನಡುವೆ ನಿಂತಳಂತೆ. ನಮ್ಮ ಅಕ್ಕ! ಅರವತ್ತೆರಡು ವರ್ಷದಲ್ಲಿ ಒಂದು ಸಲವೂ ಮಾತಿನ ನಡುವೆ ನಿಂತವಳಲ್ಲ. ಅಲ್ಲೇ ಸಿಕ್ಕಿಬಿದ್ದಿರಿ.

ನಿನ್ನೆ ಅಂಗಡಿಯ ಹುಡುಗಿ ಏದುಸಿರು ಬಿಡುತ್ತ ಬಂದು, "ಮಾವಾ, ವೆನಿಸಿನಿಂದ ಫೋನು, ಆ ಮನುಷ್ಯ ಅಳ್ತಿದ್ದಾನೆ" ಅಂದಳು. ಸೂಪ್ ಮುಗಿಸಿ, ಬಾಯಿ ಒರೆಸಿಕೊಂಡು, ನಿಧಾನವಾಗಿ ಹೋದೆ. ಅಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ. ಅಳುವುದಕ್ಕೂ ದಮ್ಮು ಬೇಕಲ್ಲ.

ಫೋನಿನ ಹತ್ತಿರ ಹೇಗೂ ಹೋಗಿದ್ದೆನಲ್ಲ, ಸ್ಮಶಾನದ ದೋಣಿಕಟ್ಟೆಯ ಹೂವಾಡಗಿತ್ತಿಗೆ ಕರೆ ಮಾಡಿದೆ. ಬುಧವಾರ ಹತ್ತಕ್ಕೆ ಸಾನ್ ಪಿಯೆತ್ರೊಗೆ ಆಳೆತ್ತರದ ಹೂಚಕ್ರ ಬೇಕು ಅಂದೆ. ಅವಳನ್ನೂ ಪಳಗಿಸಿದ್ದೀರಲ್ಲ ಕಳ್ಳರಾ! "ಅಯ್ಯೋ ಓಲಿಂದೊ ಅವ್ರೇ, ನಿಮಗೆ ಹೇಗಾಗ್ತಿದ್ಯೋ, ಎಂಥಾ ಹೆಂಗಸು" ಎಂದು ಮೂಗು ಸೊರ್ ಎಂದು ಎಳೆದಳು. ರಿಬ್ಬನ್ನಿನ ಮೇಲೆ ಏನು ಬರೆಯಬೇಕು ಎಂದು ಹೇಳಿದಾಗ ಮಾತ್ರ, "ಹಾಗೇ ಬರೀಬೇಕಾ?" ಎಂದು ಎರಡು ಸಲ ಕೇಳಿದಳು. ಅಕ್ಷರ ಬಿಡದೆ ಬರಿ ತಾಯಿ ಅಂದೆ.

ಚಕ್ರ ಚರ್ಚಿಗೆ ಬರುತ್ತದೆ, ಅಲ್ಲಿ ಸತ್ತವರು ಯಾರೂ ಇರುವುದಿಲ್ಲ, ಪಾದ್ರಿ ಅದನ್ನು ಲಂಗರಿಗೆ ಹೊರಿಸುತ್ತಾರೆ. ಬಾಗಿಲಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಓದುವುದನ್ನು ನೋಡಲು ನಾನಿಲ್ಲವಲ್ಲ ಎಂಬುದೊಂದೇ ಬೇಸರ. ಅವಳ ಮುಖ ಹೇಗಾಯಿತು, ಒಂದೂ ಬಿಡದೆ ಬರೆ.

ಓಲಿಂದೊ


ಕಸ್ತೆಲ್ಲೊ
೧೯ ಮೇ

ಓಲಿಂದೊ,

ಒಂದೂ ಬಿಡದೆ ಬರೆ ಅಂದಿದ್ದೀಯ. ಬರೆಯುತ್ತೇನೆ.

ಬುಧವಾರ ಚರ್ಚು ತುಂಬಿತ್ತು. ಕಸ್ತೆಲ್ಲೊದ ಬಾರುಗಳೆಲ್ಲ ಬಾಗಿಲು ಹಾಕಿದ್ದವು. ತಮ್ಮ ಬರುತ್ತಾನೆ ಎಂದು ನಾನು ಪಾದ್ರಿಯ ಕೈಕಾಲು ಹಿಡಿದು ಅರ್ಧ ಗಂಟೆ ನಿಲ್ಲಿಸಿದೆ. ನೀನು ಸೆನ್ಸಾಕ್ಕೆ ಬರುತ್ತೀಯ ಎಂದು ಅವಳು ತಿಂಗಳಿಂದ ಬಂದವರಿಗೆ ಹೋದವರಿಗೆಲ್ಲ ಹೇಳಿದ್ದಳು. ಎಲ್ಲರೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಆಗ ದೋಣಿಯಿಂದ ನಿನ್ನ ಹೂಚಕ್ರ ಇಳಿಯಿತು. ಇಬ್ಬರು ಹೊತ್ತು ತಂದರು. ಕೆಂಪು ಹೂವು, ನೇರಳೆ ರಿಬ್ಬನ್ನು, ಚಿನ್ನದ ಅಕ್ಷರ. "ತಮ್ಮ ಕಳ್ಸಿದ್ದಾನೆ, ತಮ್ಮ ಕಳ್ಸಿದ್ದಾನೆ" ಎಂದು ಹೆಂಗಸರು ಅಳಲು ಶುರು ಮಾಡಿದರು. ಬ್ರೂನಾ ಮುಂದೆ ಹೋಗಿ ಮಡಿಚಿಕೊಂಡಿದ್ದ ರಿಬ್ಬನ್ನನ್ನು ಬಿಡಿಸಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು.

"ಕೊನೆಗೂ ಬಾಯಿ ಮುಚ್ಚಿದ ಅಕ್ಕನಿಗೆ, ಇನ್ನೂ ಬದುಕಿರುವ ತಮ್ಮನಿಂದ."

ಓದಿ ಮುಗಿಸಿದ ಮೇಲೆ ಅವಳಿಗೆ ಅರ್ಥವಾಯಿತು. ರಿಬ್ಬನ್ನು ಹಿಡಿದುಕೊಂಡೇ ನಿಂತಳು. ನಾನು ಎದ್ದು, ಅವನು ನಂಬಿಲ್ಲ, ತಮಾಷೆ ಅಂದುಕೊಂಡಿದ್ದಾನೆ, ಮೊದಲು ಚೀಟಿ ಹಾಕಿದವನು ನಾನು ಎಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಚೆಸ್ಕೊ ಚರ್ಚಿನ ಒಳಗೇ ಉಗಿದ. ಚಕ್ರವನ್ನು ನೀರಿಗೆ ಎಸೆಯಲು ಇಬ್ಬರು ಎದ್ದರು. ಅವಳ ಹೆಸರಿಗೆ ಬಂದದ್ದು ಅವಳ ಜೊತೆ ಹೋಗಲಿ ಎಂದು ಪಾದ್ರಿ ತಡೆದರು. ಸಾನ್ ಮಿಕೇಲೆಯ ದೋಣಿಯಲ್ಲಿ ರಿಬ್ಬನ್ನನ್ನು ಬೋರಲಾಗಿ ತಿರುಗಿಸಿಟ್ಟೆವು. ಗಾಳಿಗೆ ಅದು ಮತ್ತೆ ಮತ್ತೆ ಮಗುಚಿ ಅಕ್ಷರ ಮೇಲೆ ಬರುತ್ತಿತ್ತು. ಕೊನೆಗೆ ಬ್ರೂನಾ ಅದರ ಮೇಲೆ ಕೂತಳು. ಅವಳ ಗಾತ್ರ ನಿನಗೆ ಗೊತ್ತು. ಪೆಟ್ಟಿಗೆಯ ಪಕ್ಕದಲ್ಲಿ ಹೂವಿನ ಮೇಲೆ ಕೂತುಕೊಂಡೇ ಅಳುತ್ತ ಹೋದಳು.

ಮಣ್ಣು ಮಾಡಿ ನೆಟ್ಟಗೆ ಲಂಗರಿಗೆ ಬಂದೆವು. ಈ ಸಲ ದಾರಿಯಲ್ಲಿ ಯಾರೂ ಇಳಿಯಲಿಲ್ಲ. ಎಂಟು ವರ್ಷ ಅವಳ ಮುಖ ನೋಡದ ಬ್ರೂನಾಳೇ ಕಟ್ಟೆಯ ಹಿಂದೆ ನಿಂತು ಎಲ್ಲರಿಗೂ ಹಾಕಿಕೊಟ್ಟಳು. ಅಲ್ಲಿಯೇ ಮಾತಾಯಿತು. ಕಸ್ತೆಲ್ಲೊದ ಯಾವ ಬಾರಿನಲ್ಲೂ ಓಲಿಂದೊನಿಗೆ ಇನ್ನು ಮೇಲೆ ಹಾಕಿಕೊಡುವುದಿಲ್ಲ, ನೀರು ಕೇಳಿದರೆ ನೀರನ್ನೂ. ತಪ್ಪು ನನ್ನದು ಎಂದು ಮತ್ತೆ ಹೇಳಿದೆ. ಬ್ರೂನಾ, "ನಿಂದು ತಮಾಷೆ ಕಣೋ. ಅವಳು ಅವನಿಗೆ ಅಕ್ಕ ಆಗ್ಬೇಕು" ಅಂದು ನನ್ನ ಲೋಟ ತುಂಬಿಸಿದಳು. ಕುಡಿದೆ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ದಿನಾ ಸಂಜೆ ಸುತ್ತು ಹೋಗುತ್ತಿದ್ದೇನೆ, ದಿನಾ ನನಗೆ ಹಾಕಿಕೊಡುತ್ತಿದ್ದಾರೆ.

ನೀನು ಬರಬೇಡ. ಸಮಾಧಿ ಸಾಲು ನೆರೇಯೊನ ಪಕ್ಕದ್ದೇ. ಯಾವಾಗಲಾದರೂ ಬಂದರೆ ದ್ವೀಪಕ್ಕೆ ನೇರ ದೋಣಿ ಹಿಡಿ, ಕೇರಿಯ ಕಡೆ ಇಳಿಯಬೇಡ.

ಗಾಸ್ತೋನೆ


ಬೆಟ್ಟದೂರು
೨೪ ಮೇ

ಗಾಸ್ತೋನೆ,

ಕಾಗದ ತಲುಪಿತು. ಚೆನ್ನಾಗಿ ಬರೆದಿದ್ದೀಯ. ಬ್ರೂನಾ ರಿಬ್ಬನ್ನಿನ ಮೇಲೆ ಕೂತಳು ಎಂಬಲ್ಲಿ ನಕ್ಕುಬಿಟ್ಟೆ. ರೆಜೀನಾ ನಗಲಿಲ್ಲ. ಎರಡು ಸಲ ಓದಿ, ಟ್ರಂಕಿನಿಂದ ನನ್ನ ಕಪ್ಪು ಕೋಟು ತೆಗೆದು ಬಿಸಿಲಿಗೆ ಹಾಕಿದಳು. ಅವಳಿಗೆ ನಮ್ಮ ಕೇರಿಯ ತಮಾಷೆ ಯಾವತ್ತೂ ತಿಳಿದಿಲ್ಲ. ಕೋಟನ್ನು ನಾನು ಒಳಗೆ ತಂದಿಟ್ಟೆ. ಅವಳು ಮತ್ತೆ ಹಾಕಿದಳು.

ನಿಮ್ಮ ಪಾದ್ರಿಗೆ ಬರೆದು ಕೇಳುತ್ತೇನೆ ಎಂದು ಹೊರಟಳು. ಬೇಡ ಅಂದೆ. ಪಾದ್ರಿಯನ್ನು ಯಾಕೆ ಇದರಲ್ಲಿ ಎಳೆಯಬೇಕು. ನೀವು ಬಾರುಗಳಲ್ಲಿ ಹಾಕಿಕೊಡದಿದ್ದರೆ ಬೇಡ, ನಿಮ್ಮ ವೈನು ಯಾರಿಗೆ ಬೇಕು. ನನಗೆ ಹಾಕಿಕೊಡುತ್ತೇನೆ ಅಂದವಳು ಒಬ್ಬಳು, ಅವಳು ಕೊಟ್ಟ ದಿನ ಸೆನ್ಸಾ. ಗುರುವಾರ. ಬುಧವಾರ ಬೆಳಗಿನ ಬಸ್ಸಿಗೆ ಚೀಟಿ ತೆಗೆಸಿದ್ದೇನೆ.

ಅಕ್ಕನಿಗೆ ಹೇಳು, ಅವಳೇ ಗೆದ್ದಳು. ನನಗಿಂತ ಚೆನ್ನಾಗಿ ಸತ್ತಳು ಎಂದು ಹೇಳು. ಓಡಿಬರಬೇಕಿತ್ತು, ಬರಲಿಲ್ಲ, ಕಂಬಳಿ ಹೊದ್ದು ಮಲಗಿದೆ, ತಪ್ಪಾಯಿತು ಎಂದು ಹೇಳು. ಐದು ವಾರ ಅವಳು ಅತ್ತದ್ದಕ್ಕೆ ಈ ಹತ್ತು ದಿನ ಸಾಕು ಅನ್ನು. ಇನ್ನು ನಿಲ್ಲಿಸಲಿ.

ಒಂದು ಉಪಕಾರ ಮಾಡು. ಬಸ್ಸು ಹೊರಡುವ ಮೊದಲು ಅವಳ ಕೈಯಿಂದ ಒಂದು ಸಾಲು ಬರೆಸಿ ಕಳಿಸು. ಏನು ಬೇಕಾದರೂ ಬರೆಯಲಿ, ಬೈಗುಳವೇ ಆಗಲಿ. ಒಂದೇ ಸಾಲು. ಅವಳ ಅಕ್ಷರ ನನಗೆ ಗುರುತು ಸಿಗುತ್ತದೆ, ಬೇರೆ ಯಾರ ಕೈಯಿಂದಲೂ ಬರೆಸಬೇಡ.

ಓಲಿಂದೊ